ಹೊಗೆಯಿಲ್ಲದ ಒಲೆ

"ಇಳಿಸೇ ಬುಟ್ಟಿ! ಇಳಿಸು ಅಂದೆ, ಕಳ್ಳ ರಂಡೆ!"

ಚೀಂಕ್ರು ಬುಟ್ಟಿ ಇಳಿಸಲಿಲ್ಲ. ಬೈಗಳು ತನಗೆಂದು ಅವಳಿಗೆ ಹೊಳೆಯಲೇ ಇಲ್ಲ. ಹಟ್ಟಿಯ ಸೆಗಣಿಯನ್ನೆಲ್ಲ ಬಾಚಿ ಹಾಕಿದ ಮೇಲೆ ಕೊನೆಯ ಬುಟ್ಟಿಯನ್ನು ತನ್ನ ಗುಡಿಸಲಿಗೆ ಒಯ್ಯುವುದು ಅವಳ ಅತ್ತೆಯ ಕಾಲದಿಂದ ನಡೆದು ಬಂದದ್ದು. ನೆಲ ಸಾರಿಸಲು ಒಂದಿಷ್ಟು, ಬಸಳೆಯ ಬುಡಕ್ಕೆ ಒಂದಿಷ್ಟು. ಯಾರೂ ಕೊಟ್ಟದ್ದಲ್ಲ, ಯಾರೂ ಬೇಡವೆಂದದ್ದೂ ಅಲ್ಲ.

ಲೋಕನಾಥ ಶೆಟ್ಟರು ಚಾವಡಿಯಿಂದ ಇಳಿದು ಬಂದು ಬೆತ್ತದಿಂದ ಬುಟ್ಟಿಯನ್ನು ದೂಡಿದರು. ಹಸಿ ಸೆಗಣಿ ಅವಳ ಕೂದಲು, ಕೆನ್ನೆ, ಕುತ್ತಿಗೆಯ ಮೇಲೆ ಜಾರಿ ಬಿತ್ತು.

"ಎಂತ ತಪ್ಪಾಯ್ತು ಉಳ್ಳಾಯ? ಬರೀ ಸೆಗಣಿ ಅಲ್ವಾ..."

"ಸೆಗಣಿ ಅಂತೆ! ಇನ್ನು ಅದು ಸೆಗಣಿ ಅಲ್ಲ, ಗ್ಯಾಸು. ಒಂದು ಮುಷ್ಟಿ ಹೊರಗೆ ಹೋದ್ರೆ ನಿನ್ನ ಕೈ ಮುರಿದು ಅದೇ ಗುಂಡಿಗೆ ಹಾಕ್ತೇನೆ. ಬಾಚು, ಬೇವರ್ಸಿ. ನೆಲದ್ದನ್ನೂ ಬಾಚು."

ಅವಳು ಬಾಚಿದಳು. ಕೆನ್ನೆಯ ಮೇಲಿದ್ದದ್ದನ್ನೂ ಬೆರಳಿನಿಂದ ಒರೆಸಿ ಬುಟ್ಟಿಗೆ ಹಾಕಿದಳು.

ಮಡಂತ್ಯಾರಿಗೂ ಪುಂಜಾಲಕಟ್ಟೆಗೂ ನಡುವೆ ಲೋಕನಾಥ ಶೆಟ್ಟರಷ್ಟು ಗದ್ದೆ ಇದ್ದವರಿರಲಿಲ್ಲ. ಚೀಂಕ್ರುವೂ ಅವಳ ಗಂಡ ಚನಿಯಪ್ಪನೂ ಆ ಮನೆಯ ಮೂಲದಾಳುಗಳು. ಗುಡಿಸಲ ನೆಲವೂ ಶೆಟ್ಟರದು, ಅದರ ಮೇಲೆ ಮಲಗುವ ಮೈಯೂ ಶೆಟ್ಟರದು. ಚನಿಯಪ್ಪನ ಹೆಸರಿನ ಕೊನೆಯ 'ಅಪ್ಪ'ನನ್ನು ಆ ಮನೆಯಲ್ಲಿ ಯಾರೂ ಬಾಯಲ್ಲಿ ಹಾಕಿದವರಲ್ಲ. ಅಲ್ಲಿ ಅವನು ಚನಿಯ.

ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಜೀಪಿನಲ್ಲಿ ಬಂದ ಸರ್ಕಾರದ ಆಫೀಸರೊಬ್ಬರ ಮಾತು ಕೇಳಿ ಶೆಟ್ಟರು ಹಟ್ಟಿಯ ಹಿಂದೆ ಬಾವಿಯಂಥ ಗುಂಡಿ ತೋಡಿಸಿ, ಅದರ ಮೇಲೆ ಕಬ್ಬಿಣದ ದೊಡ್ಡ ಡ್ರಮ್ಮನ್ನು ಬೋರಲು ಕೂರಿಸಿದ್ದರು. ಪಕ್ಕದ ತೊಟ್ಟಿಯಲ್ಲಿ ಸೆಗಣಿಯನ್ನು ನೀರಿನೊಂದಿಗೆ ಕದಡಿ ಬಿಟ್ಟರೆ ಅದು ಗುಂಡಿಗಿಳಿದು ಹುಳಿಯುತ್ತಿತ್ತು. ಹುಳಿತು ಹುಟ್ಟಿದ ಗ್ಯಾಸಿಗೆ ಡ್ರಮ್ಮು ತಾನಾಗಿ ಮೇಲೇಳುತ್ತಿತ್ತು. ಅಲ್ಲಿಂದ ಒಂದು ಪೈಪು ಗೋಡೆ ತೂರಿ ಅಡುಗೆಮನೆಯೊಳಗೆ ಹೋಗಿತ್ತು. ತೊಟ್ಟಿಗಿಳಿದು ಕಾಲಿನಿಂದ ತುಳಿದು, ಕೈಯಿಂದ ಹಿಸುಕಿ ಗಂಟು ಒಡೆಯುವ ಕೆಲಸ ಚೀಂಕ್ರುವಿನದು. ಪೈಪು ಹೋದ ಕಡೆ ಅವಳು ಹೋಗುವಂತಿರಲಿಲ್ಲ. ಅವಳ ಜಾತಿಯವರಿಗೆ ಹಿತ್ತಿಲ ಒಗೆಯುವ ಕಲ್ಲೇ ಗಡಿ.

ಆ ಕಲ್ಲಿನ ಹತ್ತಿರ ಅವಳೊಡನೆ ಮಾತಾಡುತ್ತಿದ್ದವಳು ಅಮ್ಮಣ್ಣಿ. ಶೆಟ್ಟರ ದೂರದ ಸಂಬಂಧಿ. ಗಂಡ ಸತ್ತ ಮೇಲೆ ಅಡುಗೆಗೆಂದು ಆ ಮನೆ ಸೇರಿದವಳು. ಹಸಿ ಸೌದೆಯ ಹೊಗೆ ತಡೆಯಲಾರದಾದಾಗ ಹಿತ್ತಿಲಿಗೆ ಓಡಿ ಬಂದು ಕೆಮ್ಮಿ, ಉಗಿದು, ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದಳು. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಪ್ರಾಯ. "ನಿನ್ನದೂ ನನ್ನದೂ ಒಂದೇ ಕಣ್ಣು ಮಾರಾಯ್ತಿ, ಕೆಂಡದ ಹಾಗೆ," ಎಂದು ಒಮ್ಮೆ ದೂರದಿಂದಲೇ ನಕ್ಕಿದ್ದಳು. ಆ ಮಾತನ್ನು ಚೀಂಕ್ರು ಮನೆಗೆ ಒಯ್ದು ಗಂಡನಿಗೆ ಹೇಳಿದ್ದಳು.

ಗ್ಯಾಸು ಹೊತ್ತಿದ ಮೇಲೆ ಅಮ್ಮಣ್ಣಿ ಹಿತ್ತಿಲಿಗೆ ಬರುವುದು ಕಡಿಮೆಯಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಕಣ್ಣು ತಿಳಿಯಾಗಿತ್ತು. ಕೆಮ್ಮು ನಿಂತು ಸ್ವರವೇ ಬೇರೆಯಾಗಿತ್ತು. ಕೆಲಸ ಮಾಡುತ್ತಾ ಏನೋ ಗುನುಗುವುದು ಹೊರಗೆ ಕೇಳಿಸುತ್ತಿತ್ತು. ಒಂದು ದಿನ ಪಾತ್ರೆ ತೊಳೆಯಲು ಬಂದವಳನ್ನು ಚೀಂಕ್ರು ಕೇಳಿಯೇಬಿಟ್ಟಳು.

"ಆ ಬೆಂಕಿ ಹೇಗುಂಟಮ್ಮಾ?"

"ನೀಲಿ. ಶಂಖಪುಷ್ಪದ ಹಾಗೆ. ಒಂದು ಚೂರು ಮಸಿ ಇಲ್ಲ. ಇದಾ, ನೋಡು, ಪಾತ್ರೆಯಲ್ಲಿ ಮುಖ ಕಾಣ್ತದೆ."

"ಕಿಟಕಿಯಿಂದ ನನಗೊಮ್ಮೆ ತೋರಿಸ್ತೀರಾ?"

ಅಮ್ಮಣ್ಣಿ ಒಳಗೆ ಶೆಟ್ಟರ ಹೆಂಡತಿಯಿದ್ದ ಕಡೆ ನೋಡಿದಳು. "ಶಶಿಪ್ರಭಕ್ಕನಿಗೆ ಗೊತ್ತಾದ್ರೆ ನನ್ನನ್ನೇ ಓಡಿಸಿಯಾರು. ಹೋಗು ಮಾರಾಯ್ತಿ, ಅತ್ಲಾಗೆ ಹೋಗು. ನಾರ್ತಿ ನೀನು."

ನಾರುವುದು ನಿನ್ನೆ ಮೊನ್ನೆಯದಲ್ಲ. ಹೊಗೆಯಿದ್ದಾಗ ಅಮ್ಮಣ್ಣಿಯ ಮೂಗಿಗೆ ಅದು ಬಡಿಯುತ್ತಿರಲಿಲ್ಲ, ಅಷ್ಟೇ.

ಸಂಜೆ ಗುಡಿಸಲಿನಲ್ಲಿ ಒಲೆ ಊದುತ್ತಾ ಕೂತ ಚೀಂಕ್ರುವಿಗೆ ಆ ತಿಳಿಗಣ್ಣುಗಳೇ ಕಾಣುತ್ತಿದ್ದವು. ಶೆಟ್ಟರ ಗದ್ದೆ ಕಂಡು, ಅವರ ಹೆಂಡತಿ ಶಶಿಪ್ರಭಾಳ ಬಂಗಾರ ಕಂಡು ಎಂದೂ ಉರಿಯದಿದ್ದ ಹೊಟ್ಟೆ ಈಗ ಒಬ್ಬಳು ದಿಕ್ಕಿಲ್ಲದ ವಿಧವೆಯ ಕಣ್ಣು ಕಂಡು ಉರಿಯುತ್ತಿತ್ತು. ಗುಳಿಗ ದೈವವೇ ಅವಳ ಕಣ್ಣಿಗೆ ಬೀಳಲಿ ಎಂದುಕೊಂಡಳು. ಅಂದುಕೊಂಡು ಕೆಮ್ಮಿದಳು.

ಮನೆಗೆ ಸೌದೆ ಬೇಡವಾದದ್ದರಿಂದ ಶೆಟ್ಟರು ಗುಡ್ಡದ ಸೌದೆಯನ್ನೆಲ್ಲ ಬಂಟ್ವಾಳದ ಉಮ್ಮರ್ ಬ್ಯಾರಿಗೆ ಮಾರಿದರು. ಲಾರಿ ಬರತೊಡಗಿತು. ಗುಡ್ಡ ಕಾಯಲು ಒಕ್ಕಲಿನ ಕುಶಾಲಪ್ಪ ನಿಂತ. ಚೀಂಕ್ರು ಕಟ್ಟಿದ ಪುರಳೆಯ ಹೊರೆಯನ್ನು ಅವನು ಕಾಲಿನಿಂದ ಚದುರಿಸಿದ.

"ಒಣಕಡ್ಡಿಯೂ ಲಾರಿಗೆ ಹೋಗ್ತದೆ. ಶೆಟ್ರ ಅಪ್ಪಣೆ."

"ಮತ್ತೆ ಗಂಜಿ ಎಂತದರಲ್ಲಿ ಬೇಯಿಸುದು ಕುಶಾಲಣ್ಣ?"

"ಹಸಿ ಅಕ್ಕಿ ತಿನ್ನು. ನನ್ನ ಹತ್ರ ಎಂತ ಕೇಳ್ತಿ?"

ಅಂದಿನಿಂದ ಅವಳ ಒಲೆಗೆ ತೋಟದ ಮೂಲೆಯಲ್ಲಿ ಕೊಳೆಯುತ್ತಿದ್ದ ತೆಂಗಿನ ಸಿಪ್ಪೆಯೇ ಗತಿಯಾಯಿತು. ಅದು ಉರಿಯುತ್ತಿರಲಿಲ್ಲ, ಹೊಗೆಯಾಡುತ್ತಿತ್ತು. ಗುಡಿಸಲಿನಲ್ಲಿ ಗಂಡನ ಮುಖ ಹೆಂಡತಿಗೆ ಕಾಣುತ್ತಿರಲಿಲ್ಲ.

ಒಂದು ಬೆಳಿಗ್ಗೆ ತೊಟ್ಟಿಗಿಳಿಯುವಾಗ ಅವಳ ಮಡಿಲಿನಲ್ಲಿ ಆ ಸಿಪ್ಪೆಯ ನಾರು ಇತ್ತು. ಸೆಗಣಿಯ ಜೊತೆ ತುಳಿದು ಬಿಟ್ಟಳು. ಮರುದಿನವೂ ಬಿಟ್ಟಳು, ಮತ್ತೆಯೂ. ಕೊನೆಗೆ ತೊಟ್ಟಿಯಿಂದ ಗುಂಡಿಗಿಳಿಯುವ ಕೊಳವೆ ಕಟ್ಟಿತು. ಡ್ರಮ್ಮು ಕುಸಿದು ಕೂತಿತು. ಅಡುಗೆಮನೆಯ ಮಾಡಿನಿಂದ ಮೊದಲಿನಂತೆ ಹೊಗೆ ಎದ್ದಿತು, ಅಮ್ಮಣ್ಣಿ ಕಣ್ಣು ಮೂಗು ಸುರಿಸುತ್ತಾ ಕಲ್ಲಿನ ಬಳಿಗೆ ಓಡಿ ಬಂದಳು.

"ಎಂತಾಯ್ತಮ್ಮಾ?" ಎಂದಳು ಚೀಂಕ್ರು, ಬಹಳ ಪ್ರೀತಿಯಿಂದ. ಹೊಟ್ಟೆಯೊಳಗೆ ಎಳನೀರು ಇಳಿದಂತಾಗಿತ್ತು.

ಆ ತಂಪು ಮರುದಿನದವರೆಗೂ ಉಳಿಯಲಿಲ್ಲ. ಡ್ರಮ್ಮನ್ನು ಎತ್ತಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಶೆಟ್ಟರು ಚನಿಯಪ್ಪನನ್ನೇ ಗುಂಡಿಗಿಳಿಸಿದರು. ಅವನು ಕುತ್ತಿಗೆಯವರೆಗೆ ರಾಡಿಯಲ್ಲಿ ನಿಂತು ಕೊಳವೆಯ ಬಾಯಿಗೆ ಕೈ ಹಾಕಿದ. ಸ್ವಲ್ಪ ಹೊತ್ತಿಗೆ ಅವನ ತಲೆ ವಾಲಿತು. ಎಳೆದು ಹಾಕಿದಾಗ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಬೋರಲು ಬಿದ್ದು ವಾಂತಿ ಮಾಡಿದ.

"ಸಾಯುದಾದ್ರೆ ಪೈಪು ಸರಿ ಮಾಡಿ ಸಾಯಿ," ಎಂದರು ಶೆಟ್ಟರು. ಅವನನ್ನು ಮತ್ತೆ ಇಳಿಸಿದರು.

ಗುಡಿಸಲಿಗೆ ಬಂದ ಚನಿಯಪ್ಪ ಮುಷ್ಟಿ ಬಿಚ್ಚಿ ನಾರಿನ ಉಂಡೆಯನ್ನು ಅವಳ ಮುಂದಿಟ್ಟ.

"ಇದು ದನ ತಿಂದು ಹಾಕಿದ್ದಲ್ಲ."

ಅವಳು ಅದನ್ನು ಒಲೆಯ ಕಡೆ ದೂಡಿದಳು.

"ಯಾಕೆ ಹಾಕಿದಿ?"

"ಅವಳ ಕಣ್ಣು..." ಎಂದಳು.

"ಅಡಿಯಲ್ಲಿ ಉಸಿರೇ ಇಲ್ಲ ಚೀಂಕ್ರು. ಸತ್ತೆ ಅಂತ್ಲೇ ಎಣಿಸಿದೆ."

ಅವನು ಹೊಡೆಯಲಿಲ್ಲ, ಬೈಯಲೂ ಇಲ್ಲ. ಗೋಡೆಯ ಕಡೆ ತಿರುಗಿ ಮಲಗಿದ.

ಕೊಯ್ಲು ಮುಗಿದ ಮೇಲೆ ಆಫೀಸರು ಮತ್ತೆ ಬಂದರು. ಅವರೊಂದಿಗೆ ನಾರಾವಿಯಿಂದ, ಮೂಡಬಿದಿರೆಯಿಂದ ಗ್ಯಾಸು ನೋಡಲು ಬಂದ ಧಣಿಗಳಿದ್ದರು. ಚೀಂಕ್ರುವನ್ನು ತೊಟ್ಟಿಯಿಂದ ಏಳಲು ಬಿಡಲಿಲ್ಲ. ಕೆಲಸ ಹೇಗೆ ನಡೆಯುತ್ತದೆಂದು ಬಂದವರಿಗೆ ಕಾಣಬೇಕಿತ್ತು. ಅವಳು ಮೊಣಕಾಲು ಮುಳುಗುವಷ್ಟು ಸೆಗಣಿಯಲ್ಲಿ ತುಳಿಯುತ್ತಿದ್ದಳು.

"ಇದರ ಆರ್ಥಿಕ ಲೆಕ್ಕಾಚಾರ ಬಹಳ ಸರಳ," ಎಂದರು ಆಫೀಸರು. "ಕಚ್ಚಾ ಸಾಮಗ್ರಿ ಹಟ್ಟಿಯಲ್ಲೇ ಉಂಟು, ಅದಕ್ಕೆ ಖರ್ಚಿಲ್ಲ. ಸೌದೆ ಪೂರ್ತಿ ಉಳಿತಾಯ. ಗ್ಯಾಸು ತೆಗೆದ ಮೇಲೆ ಹೊರಗೆ ಬರುವುದು ಮೊದಲಿಗಿಂತ ಒಳ್ಳೆಯ ಗೊಬ್ಬರ. ಪೇಟೆಯ ರಾಸಾಯನಿಕ ಗೊಬ್ಬರಕ್ಕೆ ಕೈ ಚಾಚಬೇಕಾಗಿಲ್ಲ."

"ಕದಡಲಿಕ್ಕೆ ಆಳು ಬೇಕಲ್ಲ, ಅದರ ಖರ್ಚು?" ಎಂದು ನಾರಾವಿಯವರು ಕೇಳಿದರು.

ಶೆಟ್ಟರು ನಕ್ಕರು. "ಅದೂ ಹಟ್ಟಿಯಲ್ಲೇ ಉಂಟಲ್ಲ, ದನದ ಹಾಗೆ."

ಎಲ್ಲರೂ ನಕ್ಕರು. ಆಫೀಸರೂ ನಕ್ಕು, "ಅದನ್ನು ಸೊನ್ನೆ ಅಂತ ಹಿಡಿಯುವ," ಎಂದರು.

ಆಮೇಲೆ ಶಶಿಪ್ರಭಾ ಅಮ್ಮಣ್ಣಿಯನ್ನು ಹೊರಗೆ ಕರೆತಂದಳು. ಅಮ್ಮಣ್ಣಿ ಒಗೆದ ಸೀರೆ ಉಟ್ಟು ತಲೆ ಬಾಚಿಕೊಂಡಿದ್ದಳು. "ಈ ತಾಯಿಯ ಕಣ್ಣು ನೋಡಿ," ಎಂದರು ಆಫೀಸರು. "ಹೊಗೆಯಿಂದ ಬಿಡುಗಡೆ ಅಂದರೆ ಇದು."

"ಮೊದಲು ಹೇಗಿತ್ತು?" ಎಂದರು ಮೂಡಬಿದಿರೆಯವರೊಬ್ಬರು.

"ಮೊದಲಾ?" ಶೆಟ್ಟರು ಸುತ್ತ ನೋಡಿ, ಬೆತ್ತದ ತುದಿಯನ್ನು ಚೀಂಕ್ರುವಿನ ಗದ್ದಕ್ಕೆ ಹಿಡಿದು ಎತ್ತಿದರು. "ಇದಾ, ಹೀಗೇ ಇತ್ತು. ಏ, ಕಣ್ಣು ಬಿಡು ಸರಿ. ಅಗಲ ಬಿಡು."

ಮೂಗಿಗೆ ಪಂಚೆ ಹಿಡಿದು ಧಣಿಗಳು ಬಗ್ಗಿ ನೋಡಿದರು. ಆ ಕಣ್ಣು, ಈ ಕಣ್ಣು ಎಂದು ಎರಡನ್ನೂ ಹೋಲಿಸಿದರು. ಅಮ್ಮಣ್ಣಿ ನೆಲ ನೋಡುತ್ತಿದ್ದಳು. ಆದರೆ ಅವಳ ತುಟಿಯ ಮೂಲೆಯಲ್ಲಿ ಒಂದು ಸಣ್ಣ ನಗು ಬಂದು ಹೋದದ್ದು ಚೀಂಕ್ರುವಿಗೆ ಕಂಡಿತು.

ಬಂದವರು ಊಟಕ್ಕೆ ಚಾವಡಿಗೆ ನಡೆದರು. ಚೀಂಕ್ರು ತೊಟ್ಟಿಯಿಂದ ಎದ್ದಳು. ಕಾಲು ತೊಳೆಯಲಿಲ್ಲ. ಗುಡಿಸಲಿಗೆ ಹೋಗಿ, ಮಸಿ ಹಿಡಿದ ಮಣ್ಣಿನ ಮಡಕೆಗೆ ಅಕ್ಕಿ ನೀರು ಹಾಕಿ, ಸೊಂಟದಲ್ಲಿಟ್ಟುಕೊಂಡು ಬಂದಳು. ಒಗೆಯುವ ಕಲ್ಲನ್ನು ದಾಟಿದಳು. ಮೆಟ್ಟಿಲು ಹತ್ತಿದಳು.

ಬೆಂಕಿ ನಿಜಕ್ಕೂ ನೀಲಿಯಾಗಿತ್ತು. ಅದರ ಮೇಲೆ ಪಾಯಸದ ಪಾತ್ರೆಯಿತ್ತು. ಸೆರಗು ಸುತ್ತಿ ಅದನ್ನು ನೆಲಕ್ಕಿಳಿಸಿ, ತನ್ನ ಮಡಕೆ ಇಟ್ಟಳು.

ಶಶಿಪ್ರಭಾ ಕಿರುಚಿದಳು. "ಅಮ್ಮಣ್ಣೀ, ಗ್ಯಾಸು ಬಂದ್ ಮಾಡು!"

ಗ್ಯಾಸಿನ ತಿರುಪು ಇದ್ದದ್ದು ಚೀಂಕ್ರುವಿನ ಭುಜದ ಹಿಂದೆ. ಅವಳನ್ನು ಮುಟ್ಟದೆ ಅದನ್ನು ಮುಟ್ಟುವಂತಿರಲಿಲ್ಲ. ಅಮ್ಮಣ್ಣಿ ಗೋಡೆಗೆ ಒತ್ತಿ ನಿಂತುಬಿಟ್ಟಳು.

ಎಂಜಲು ಕೈಯಲ್ಲೇ ಶೆಟ್ಟರು ಓಡಿ ಬಂದರು. ಬೆತ್ತ ಒಮ್ಮೆ ಚೀಂಕ್ರುವಿನ ಬೆನ್ನಿಗೆ ಬಿತ್ತು. ಅವಳು ಅಲುಗಲಿಲ್ಲ. ಎರಡನೆಯದಕ್ಕೆ ಎತ್ತಿದಾಗ ಹಿಂದಿನಿಂದ ಆಫೀಸರು ಕೂಗಿದರು: "ಶೆಟ್ರೇ, ಬೇಡ! ಪೈಪಿಗೆ ತಾಗಿದರೆ ಬೆಂಕಿ ಹಿಡಿಯುತ್ತದೆ!"

ಬೆತ್ತ ಗಾಳಿಯಲ್ಲೇ ನಿಂತಿತು.

"ಚನಿಯಾ! ಎಳೆದು ಬಿಸಾಡು ನಿನ್ನ ರಂಡೆಯನ್ನು!"

ಚನಿಯಪ್ಪ ಕಲ್ಲಿನ ಆಚೆ ನಿಂತಿದ್ದ. "ಒಳಗೆ ಬರ್ಬೇಕಾ ಉಳ್ಳಾಯ?"

"ಬಾ ಅಂದೆನಲ್ಲ, ಬೇವರ್ಸಿ!"

ಅವನು ಬಂದ. ಕೆಸರು ಕಾಲಿನ ಗುರುತು ಹೊಸಿಲಿನಿಂದ ಒಲೆಯವರೆಗೂ ಮೂಡಿತು. ನೀಲಿ ಉರಿಯನ್ನು ಸ್ವಲ್ಪ ಹೊತ್ತು ನೋಡಿದ. ಹೆಂಡತಿಯ ಮುಖ ನೋಡಿದ. ಹೊಗೆಯಿಲ್ಲದ್ದರಿಂದ ಅದು ಸ್ಪಷ್ಟವಾಗಿ ಕಾಣುತ್ತಿತ್ತು. ಆಮೇಲೆ ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ.

"ನೀರು ಸಾಕಾ?" ಎಂದ.

"ಸಾಕು. ಕುಚ್ಚಲಕ್ಕಿ ಅಲ್ವಾ, ಹೊತ್ತು ಹಿಡೀತದೆ."

ಶೆಟ್ಟರು ಅಂಗಳಕ್ಕೆ ಹಾರಿ, ಕುಶಾಲಪ್ಪನನ್ನೂ ಒಕ್ಕಲಿನವರನ್ನೂ ಹೆಸರು ಹಿಡಿದು ಕೂಗತೊಡಗಿದರು. ಗದ್ದೆಯ ಕಡೆಯಿಂದ ಓಗೊಟ್ಟದ್ದು ಕೇಳಿಸಿತು, ಹಿಂದೆಯೇ ಓಡಿ ಬರುವ ಹೆಜ್ಜೆಗಳು. ಚೀಂಕ್ರು ಮಡಕೆಗೆ ಬೆರಳದ್ದಿ ಒಂದು ಅಗುಳು ತೆಗೆದು ಒತ್ತಿ ನೋಡಿದಳು. ಅದು ಇನ್ನೂ ಕಲ್ಲಿನಂತೆ ಗಟ್ಟಿಯಿತ್ತು.