ಪ್ರೆಸ್ಸಿನ ಪಕ್ಕದ ಓದು

ಪೀಣ್ಯದ ಕೈಗಾರಿಕಾ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ, ಮುನಿಯಣ್ಣನವರ ಶೆಡ್ಡಿನಲ್ಲಿ ಒಂದು ಮುರುಕು ಟೇಬಲ್ಲು ಬಾಗಿಲ ಬಳಿಯಿಂದ ತಗಡು ಒತ್ತುವ ಪವರ್ ಪ್ರೆಸ್ಸಿನ ಪಕ್ಕಕ್ಕೆ ಸರಿದ ಸಂಗತಿಗೆ ಒಂದು ಅಧ್ಯಾಯವನ್ನಾದರೂ ಮೀಸಲಿಡಬೇಕು. ಟೀ ಹೊತ್ತಿನಲ್ಲಿ ವಾರಗಟ್ಟಲೆ ಅದರದ್ದೇ ಚರ್ಚೆ. ಬಾಗಿಲ ಬಳಿ ಬೆಳಕಿತ್ತು, ಗಾಳಿಯಿರಲಿಲ್ಲ. ಶೆಡ್ಡಿಗಿದ್ದ ಒಂದೇ ಫ್ಯಾನು ಪ್ರೆಸ್ಸಿನ ಮೇಲೆ ತಿರುಗುತ್ತಿತ್ತು. ಕೊನೆಗೆ ಗಾಳಿಯ ಪಕ್ಷ ಗೆದ್ದಿತು.

ಟೇಬಲ್ಲು ಇರಣ್ಣನ ಮಗಳು ಶೈಲಶ್ರೀಯದು. ಸಿಂದಗಿ ಕಡೆಯಿಂದ ಬಂದ ಇರಣ್ಣ ಆ ಪ್ರೆಸ್ಸಿಗೆ ತಗಡು ಕೊಡುವ ಆಪರೇಟರ್. ಹೆಂಡತಿ ಗಾರ್ಮೆಂಟ್ಸಿನಿಂದ ದಾಸರಹಳ್ಳಿಯ ಬಾಡಿಗೆ ಕೋಣೆಗೆ ಮರಳುವಷ್ಟರಲ್ಲಿ ಕತ್ತಲಾಗುತ್ತಿತ್ತು. ಹಾಗಾಗಿ ಹುಡುಗಿ ಐದನೇ ಕ್ಲಾಸಿನಿಂದ ಇಂಜಿನಿಯರಿಂಗ್ ಮುಗಿಯುವವರೆಗೂ ಸಂಜೆಯ ಓದನ್ನು ಶೆಡ್ಡಿನಲ್ಲೇ ಓದಿದಳು. ಪ್ರೆಸ್ಸಿನ ಹೊಡೆತ ಬಿದ್ದಾಗಲೆಲ್ಲ ಟೇಬಲ್ಲಿನ ಮೇಲಿನ ಪೆನ್ಸಿಲ್ಲು ನೆಗೆಯುತ್ತಿತ್ತು. ಅವಳು ಮಾತ್ರ ಕಣ್ಣೆತ್ತುತ್ತಿರಲಿಲ್ಲ. ಹೊಸದಾಗಿ ಬಂದವರಿಗೆಲ್ಲ ಇರಣ್ಣ, ಗೋಳಗುಮ್ಮಟ ತೋರಿಸುವ ಗೈಡಿನ ಗತ್ತಿನಲ್ಲಿ, ಕೈಚಾಚಿ ಮಗಳನ್ನು ತೋರಿಸುತ್ತಿದ್ದ.

“ನೋಡ್ರಿ, ಬಾಂಬ್ ಬಿದ್ರೂ ತಲಿ ಎತ್ತಂಗಿಲ್ಲ ನನ್ನ ಮಗಳು.”

“ಹಂಗಾದ್ರೆ ಬಾಂಬ್ ಹಾಕೋ ಕೆಲ್ಸಕ್ಕೇ ಕಳ್ಸು ಗುರು,” ಎಂದು ಮುನಿಯಣ್ಣ ನಗುತ್ತಿದ್ದರು.

ಅವಳು ಹೊರಟದ್ದೂ ಆ ಕಡೆಗೇ. ವಾಯುಪಡೆಯಲ್ಲಿ ವಿಮಾನ ಹಾರಿಸುವ ಅಧಿಕಾರಿಯಾಗಬೇಕು, ಅಷ್ಟೆ. ಎರಡನೆಯ ಆಸೆಯನ್ನು ಅವಳು ಇಟ್ಟುಕೊಂಡೇ ಇರಲಿಲ್ಲ. ಲಿಖಿತ ಪರೀಕ್ಷೆ ದಾಟಿದಳು. ಮೈಸೂರಿನ ಸಂದರ್ಶನದಲ್ಲಿ ಅಧಿಕಾರಿಯೊಬ್ಬರು, ಗದ್ದಲದ ನಡುವೆ ಮನಸ್ಸು ನೆಟ್ಟಗಿರುತ್ತದೆಯೇ ಎಂದು ಕೇಳಿದರು. ಶೈಲಶ್ರೀ ಟೇಬಲ್ಲಿನ ಕತೆ ಹೇಳಿದಳು. ಅಧಿಕಾರಿ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರಂತೆ. ಆಯ್ಕೆಯಾದ ಕೆಲವರಲ್ಲಿ ಅವಳೂ ಒಬ್ಬಳಾದಳು. ಉಳಿದದ್ದು ವೈದ್ಯಕೀಯ ಪರೀಕ್ಷೆಯೊಂದೇ.

ಶೆಡ್ಡಿನಲ್ಲಿ ಪೇಢೆ ಹಂಚಿದರು. “ಇರಣ್ಣಾ, ಇನ್ಮ್ಯಾಲೆ ನಿನಗ ಸೆಲ್ಯೂಟ್ ಹೊಡೀಬೇಕೇನೋ ನಾವು?” ಎಂದು ಜೊತೆಗಾರ ಹಣಮಂತ ಕೂಗಿದ.

“ದಿನಾ ಹೊಡಿ. ನಾ ಏನ್ ಬ್ಯಾಡ ಅಂತೀನೇನು?” ಎಂದು ಇರಣ್ಣನೂ ಕೂಗಿದ. ಪ್ರೆಸ್ಸು ಓಡುವಾಗ ಅಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು. ನಿಂತ ಮೇಲೂ ಹಾಗೆಯೇ.

ವೈದ್ಯಕೀಯ ಪರೀಕ್ಷೆ ಮುಗಿದ ಸಂಜೆ ಇರಣ್ಣ ಮನೆಗೆ ಬಂದಾಗ ಮಗಳು ಗೋಡೆಗೊರಗಿ ಕೂತಿದ್ದಳು.

“ಅಪ್ಪಾ, ಸುಮ್ನ ಕುಂತಾಗ ನಿನ್ನ ಕಿವ್ಯಾಗ ಸೀಟಿ ಹೊಡದಂಗ ಆಗ್ತದೇನು?”

“ಆಗ್ತದ. ಎಲ್ಲಾರಿಗೂ ಆಗ್ತದಲ್ಲವಾ?”

“ಇಲ್ಲಂತ. ಇವತ್ತ ಡಾಕ್ಟರ್ ಹೇಳಿದ್ರು.” ಅವಳು ಎಡಗಿವಿಯನ್ನು ಮುಟ್ಟಿಕೊಂಡಳು. “ಒಂದು ಸಣ್ಣ ಕೋಣ್ಯಾಗ ಕುಂದ್ರಿಸಿದ್ರು. ಸಪ್ಪಳ ಕೇಳಿದಾಗೆಲ್ಲ ಗುಂಡಿ ಒತ್ತಬೇಕು. ಬಲಗಿವಿ ಛಲೋ ಆತು. ಎಡಗಿವ್ಯಾಗ ಒಂದೀಟು ಕೇಳಿ ನಿಂತುಬಿಡ್ತು. ಮುಂದಿಂದು ಯಾವಾಗ ಬರ್ತದೋ ಅಂತ ಕಾಯ್ಕೋತ ಕುಂತೆ. ಅಷ್ಟರಾಗ ಪರೀಕ್ಷೆನೇ ಮುಗದಿತ್ತು.”

ಇರಣ್ಣ ಕಣ್ಣು ಮುಚ್ಚಿದ. ಟೇಬಲ್ಲಿಗೆ ಕೂತರೆ ಪ್ರೆಸ್ಸು ಎಡಕ್ಕೆ.

“ಫ್ಯಾನು ಆ ಕಡಿಗಿತ್ತವಾ,” ಎಂದ.

“ನಾ ಏನರ ಅಂದ್ನೇನು ನಿನಗ? ಸೆಕಿ ಭಾಳಿತ್ತು.”

ಎಡಗಿವಿಯ ಕಾರಣಕ್ಕೆ ಅವಳನ್ನು ತಿರಸ್ಕರಿಸಿದ್ದರು; ಮೇಲ್ಮನವಿಗೆ ಕೆಲವು ವಾರ ಅವಕಾಶವಿತ್ತು. ಸತ್ತ ನರ ಮತ್ತೆ ಚಿಗುರುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ಇರಣ್ಣ ಮಾತ್ರ ದಿನಾ ಸಂಜೆ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ, ಆರಿಸಿ, ಮಗಳ ಎಡಗಿವಿಗೆ ಹನಿ ಬಿಡುತ್ತಿದ್ದ. ಉಪಯೋಗವಿಲ್ಲವೆಂದು ತಿಳಿದೂ ಅವಳು ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಅಲ್ಲಾಡದೆ ಮಲಗಿರುತ್ತಿದ್ದಳು.

“ಡಾಕ್ಟ್ರುಗಳಿಗೇನ್ ಗೊತ್ತು ಬಿಡಪ್ಪ,” ಎಂದು ಮುನಿಯಣ್ಣ ಧೈರ್ಯ ಹೇಳಿದರು. “ನಾನು ಹುಡುಗನಾಗಿದ್ದಾಗ್ಲಿಂದ ಈ ಸದ್ದಲ್ಲೇ ಇದೀನಿ. ನನ್ನ ಕಿವಿಗೇನಾಗಿದೆ ಹೇಳು?”

ಆ ಕೂಗಿಗೆ ಎದುರು ಬದಿಯ ಶೆಡ್ಡಿನವರು ತಿರುಗಿ ನೋಡಿದರು.

ಮೇಲ್ಮನವಿ ಮಂಡಳಿ ಎರಡೂ ಕಿವಿಗಳನ್ನು ಮತ್ತೊಮ್ಮೆ ಪರೀಕ್ಷಿಸಿತು. ಶೈಲಶ್ರೀಯನ್ನು ಶಾಶ್ವತವಾಗಿ ಅನರ್ಹಳೆಂದು ಘೋಷಿಸಿತು.