ಅಕ್ಕ ಸೋಸಿದ ಚಹಾ

ಅಕ್ಕ ತಲೆ ನರೆಯುವವರೆಗೂ ಊರ ಬಸ್ಸು ಓಡಿಸಿದವಳು. ಗಾಡಿಗೆ ಬ್ರೇಕಿದೆ, ಬಾಯಿಗಿಲ್ಲ ಎಂದು ಡಿಪೋದವರು ಅವಳನ್ನು ಆಡಿಕೊಳ್ಳುತ್ತಿದ್ದರು. ಅಂಥವಳನ್ನು ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗಲೇ ಲಕ್ವ ಹೊಡೆದು ಕೆಡವಿತು. ಜೀವ ಉಳಿಯಿತು. ಬಲಗೈಗೆ ಶಕ್ತಿ ಮರಳಲಿಲ್ಲ, ಬಲಗಾಲು ಎಳೆಯುತ್ತ ಕೋಲೂರಿ ನಡೆಯಬೇಕಾಯಿತು, ಮಾತು ಗಂಟಲಲ್ಲೇ ತಡವರಿಸಿ ಹೊರಬರುವಂತಾಯಿತು. ಗಂಡನಿಲ್ಲ, ಮಕ್ಕಳಿಲ್ಲ. ಆಸ್ಪತ್ರೆಯಿಂದ ಬಿಟ್ಟ ದಿನ ತಂಗಿ ಎರಡು ಮಾತಿಲ್ಲದೆ ಅವಳನ್ನು ತನ್ನ ಮನೆಗೆ ಕರೆತಂದಳು.

ತಂಗಿಗೆ ಕೆಲಸ ಚಹಾ ಕಾರ್ಖಾನೆಯಲ್ಲಿ, ಟೀ ಬ್ಯಾಗಿನ ಪುಟ್ಟ ಚೀಲ ಅಂಟಿಸುವ ಯಂತ್ರದ ಮುಂದೆ. ಮಿರುಗುವ ಬಲೆಬಟ್ಟೆ ಸುರುಳಿಯಿಂದ ಇಳಿಯುತ್ತದೆ, ಅದರೊಳಗೆ ಚಿಟಿಕೆ ಪುಡಿ ಬೀಳುತ್ತದೆ, ಯಂತ್ರದ ಕಾದ ದವಡೆ ಅಂಚನ್ನು ಕಚ್ಚಿ ಮುಚ್ಚುತ್ತದೆ. ಅಂಚು ಸೊಟ್ಟಗಾದ ಚೀಲಗಳನ್ನು ಕೆಲಸದವರು ಮನೆಗೆ ಒಯ್ಯಬಹುದಿತ್ತು. ಹಾಗಾಗಿ ಆ ಮನೆಯಲ್ಲಿ ಯಾರೂ ಅಂಗಡಿಯ ಚಹಾ ಕಂಡವರಲ್ಲ. ತಂಗಿ ಕೆಲಸಕ್ಕೆ ಹೋದ ಮೇಲೆ ಅಕ್ಕನಿಗೆ ಆ ಚೀಲಗಳೇ ಜೊತೆ. ಕೆಟಲಿನ ಗುಂಡಿ ಒತ್ತುವುದು, ಲೋಟಕ್ಕೆ ಚೀಲ ಬಿಡುವುದು, ಕಿಟಕಿಯ ಬಳಿ ಕೂತು ಕುಡಿಯುವುದು. ಒಂದು ಮುಗಿದರೆ ಇನ್ನೊಂದು.

ಒಂದು ದಿನ ಯಂತ್ರದ ಬಿಸಿ ಏರಿಹೋಯಿತು. ಬಲೆಬಟ್ಟೆ ಕರಗಿ, ಅಂಟು ಅಂಟಾಗಿ, ದವಡೆಗೆ ನೂಲಿನಂತೆ ಜೋತುಬಿತ್ತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಅದು ಪ್ಲಾಸ್ಟಿಕ್ ಎಂದು ತಂಗಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಗೊತ್ತಿರುವುದು ಬೇರೆ, ತಲೆಗೆ ಹೋಗುವುದು ಬೇರೆ. ಚಾಕುವಿನಿಂದ ಅದನ್ನು ಕೆರೆದು ತೆಗೆಯುವಾಗ ಅವಳ ಕಣ್ಣಮುಂದೆ ಬಂದದ್ದು ಕುದಿಯುವ ನೀರು ತುಂಬಿದ ಅಕ್ಕನ ಲೋಟ.

ಮುಂದಿನ ಸಲ ಡಾಕ್ಟರ ಬಳಿ ಹೋದಾಗ, ಈ ಚೀಲದ ಚಹಾದಿಂದ ಅಕ್ಕನಿಗೆ ಕೆಡುಕಾದೀತೇ ಎಂದು ಅಳುಕುತ್ತಲೇ ಕೇಳಿದಳು. ಡಾಕ್ಟರು ನಗಲಿಲ್ಲ, ಹೆದರಿಸಲೂ ಇಲ್ಲ. "ಇದರಿಂದ ಇಂಥದ್ದೇ ಕಾಯಿಲೆ ಬರತ್ತೆ ಅಂತ ಖಚಿತವಾಗಿ ಹೇಳೋಕಾಗಲ್ಲ," ಎಂದರು. "ಆದ್ರೆ ಆ ಥರದ ಚೀಲ ಬಿಸಿನೀರಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಚೂರು ಬಿಡೋದು ನಿಜ. ಬಿಡಿ ಎಲೆ ಸಿಗ್ತಿರೋವಾಗ ಅದ್ಯಾಕೆ ಬೇಕು?"

ಅಂದೇ ಸಂಜೆ ತಂಗಿ ಬಿಡಿ ಎಲೆಯ ಡಬ್ಬಿ, ಪಿಂಗಾಣಿಯ ಚಹಾಪಾತ್ರೆ, ಸಣ್ಣ ಕಣ್ಣಿನ ಚಹಾ ಜರಡಿ ತಂದಳು. ಉಳಿದಿದ್ದ ಚೀಲಗಳನ್ನೆಲ್ಲ ಕಸದ ಬುಟ್ಟಿಗೆ ಸುರಿದಳು. ಎಲೆ ನೀರಿನಲ್ಲಿ ಮೈಮುರಿದು ಬಿಚ್ಚಿಕೊಳ್ಳುವುದನ್ನು ತೋರಿಸಿ, ನೋಡು, ಹೇಗೆ ಅರಳುತ್ತೆ ಎಂದಳು. ಅಕ್ಕ ನೋಡಿದಳು. ಕುಡಿದಳು. ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದಳು. ಆಮೇಲೆ ತಂಗಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಸೋಸಿ ಕೊಡುವುದು ರೂಢಿಯಾಯಿತು. ಒಳ್ಳೆಯ ಕೆಲಸ ಮಾಡಿದೆನೆಂದು ಅವಳ ಮನಸ್ಸು ಹಗುರಾಗಿತ್ತು.

ಆದರೆ ಅಕ್ಕ ದಿನದಿಂದ ದಿನಕ್ಕೆ ಮಂಕಾದಳು. ಕಿಟಕಿಯ ಬಳಿ ಕೂರುವುದನ್ನು ಬಿಟ್ಟಳು. ತಂಗಿ ಬಂದಾಗ ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಕಾಯಿಲೆಯೇ ಹೆಚ್ಚಿತೇನೋ ಎಂದು ತಂಗಿಗೆ ದಿಗಿಲಾಯಿತು.

ಒಂದು ಮಧ್ಯಾಹ್ನ ಕಾರ್ಖಾನೆಯಲ್ಲಿ ಕರೆಂಟು ಹೋಗಿ ಬೇಗ ಬಿಟ್ಟರು. ಬಾಗಿಲು ತೆಗೆದರೆ ಅಕ್ಕ ಅಡುಗೆಮನೆಯ ನೆಲದ ಮೇಲೆ ಕೂತಿದ್ದಾಳೆ. ಡಬ್ಬಿ ಮಗುಚಿ ಎಲೆಯೆಲ್ಲ ಚೆಲ್ಲಿದೆ. ಎಡಗೈಯಲ್ಲಿ ಒದ್ದೆ ಬಟ್ಟೆ ಹಿಡಿದು ಒರೆಸುತ್ತಿದ್ದಾಳೆ, ಒರೆಸಿದಷ್ಟೂ ಹರಡುತ್ತಿದೆ. ತಂಗಿ ಓಡಿಹೋಗಿ ಬಟ್ಟೆ ಕಸಿದುಕೊಂಡು, ಚಹಾ ಬೇಕಿದ್ದರೆ ಪಕ್ಕದ ಮನೆಯವರನ್ನು ಕರೆಯಬಾರದಿತ್ತೇ ಎಂದು ಗದರಿದಳು.

ಅಕ್ಕ ಬಹಳ ಹೊತ್ತು ತುಟಿ ಅಲುಗಿಸಿದಳು. ಮಾತು ಬಂದಾಗ ತುಂಡು ತುಂಡಾಗಿ ಬಂತು.

"ಸ್ನಾನಕ್ಕೆ ನೀನು. ಜಡೆಗೆ ನೀನು. ರವಿಕೆ ಗುಂಡಿ ಹಾಕೋಕೂ ನೀನು. ಚಾ ಒಂದು... ನಾನೇ ಮಾಡ್ಕೋತಿದ್ದೆ, ಪುಟ್ಟಿ."

ತಂಗಿ ಬಟ್ಟೆ ಕೆಳಗಿಟ್ಟಳು. ಅಲ್ಲೇ ಅಕ್ಕನ ಪಕ್ಕ ಕೂತಳು. ಚೀಲಗಳನ್ನೇ ಮತ್ತೆ ತಂದುಕೊಡುವುದೇ ಎಂದು ಕೇಳಿದಳು. ಅಕ್ಕ ತಲೆ ಅಲ್ಲಾಡಿಸಿದಳು.

"ಬೇಡ. ಇದೇ ಒಳ್ಳೇದು. ನನಗೆ ಕಲಿಸು."

ಕಲಿಸುವುದೇನು ಹೂವೆತ್ತಿದಂತಿರಲಿಲ್ಲ. ಪಿಂಗಾಣಿ ಪಾತ್ರೆ ಮೂಲೆ ಸೇರಿತು. ಬದಲಿಗೆ ಅಗಲ ಬಾಯಿಯ ಭಾರದ ಲೋಟ, ಅದರ ಕಂಠಕ್ಕೆ ಕೂರುವ ಬುಟ್ಟಿಯಂಥ ಉಕ್ಕಿನ ಜರಡಿ ಬಂದವು. ಎಲೆಯನ್ನು ಮುಚ್ಚಳವಿಲ್ಲದ ಬಟ್ಟಲಿಗೆ ಹಾಕಿಟ್ಟು, ಲೋಟ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸಿದರು. ಕೆಟಲಿಗೆ ಅರ್ಧಕ್ಕಿಂತ ಕಡಿಮೆ ನೀರು. ಅಕ್ಕನ ಎಡಗೈ ನಡುಗಿ ಚಮಚದ ಎಲೆ ದಾರಿಯಲ್ಲೇ ಉದುರುತ್ತಿತ್ತು. ಒಂದು ಸಲ ಬಿಸಿನೀರು ಬೆರಳಿಗೆ ತಾಗಿತು. ತಂಗಿ ಎದ್ದೇಬಿಟ್ಟಳು, ಅಕ್ಕ ದುರುಗುಟ್ಟಿ ನೋಡಿದ್ದೇ ಮತ್ತೆ ಕೂತಳು. ಸಹಾಯ ಮಾಡುವುದಕ್ಕಿಂತ ಮಾಡದೆ ಕೂರುವುದೇ ಕಷ್ಟ ಎಂದು ಅವಳಿಗೆ ಗೊತ್ತಾದದ್ದು ಆಗ. ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂರುತ್ತಿದ್ದಳು.

ಚಳಿ ಮುಗಿಯುವ ಹೊತ್ತಿಗೆ ಅಕ್ಕ ತನ್ನ ಚಹಾ ತಾನೇ ಸೋಸಿಕೊಳ್ಳುತ್ತಿದ್ದಳು. ದಿನಕ್ಕೆ ಕಡಿಮೆ ಲೋಟ, ಆದರೆ ಒಂದೊಂದಕ್ಕೂ ಬಹಳ ಹೊತ್ತು. ಬಲಗೈಗೆ ಶಕ್ತಿ ಬರಲಿಲ್ಲ. ರಕ್ತದ ಒತ್ತಡ ಒಮ್ಮೆ ಇಳಿಯಿತು, ಒಮ್ಮೆ ಏರಿತು. ಚಹಾ ಬದಲಿಸಿದ್ದರಿಂದ ಏನಾಯಿತೆಂದು ಡಾಕ್ಟರೂ ಹೇಳಲಾರರು. ತಂಗಿ ಅದೇ ಯಂತ್ರದ ಮುಂದೆ ನಿಲ್ಲುತ್ತಿದ್ದಳು, ಹೊಟ್ಟೆಪಾಡು. ಸೊಟ್ಟ ಚೀಲಗಳನ್ನು ಮಾತ್ರ ಒಯ್ಯುತ್ತಿರಲಿಲ್ಲ. ಯಾಕೆಂದು ಕೇಳಿದವರಿಗೆ, ನಮ್ಮನೇಲಿ ಈಗ ಎಲೆ ಎನ್ನುತ್ತಿದ್ದಳು.

ಅದೇ ವರ್ಷ ಒಂದು ಬೆಳಿಗ್ಗೆ ತಂಗಿಗೇ ಜ್ವರ ಬಂತು. ಮೈ ಕಾದ ಹಂಚಾಗಿತ್ತು, ಏಳಲಾಗಲಿಲ್ಲ. ಅಡುಗೆಮನೆಯಲ್ಲಿ ಕೆಟಲ್ ಮೊರೆಯುವುದು ಕೇಳಿಸಿತು. ಆಮೇಲೆ ಕಾಲೆಳೆಯುವ ಸದ್ದು. ಕೋಲಿನ ಸದ್ದಿರಲಿಲ್ಲ. ಇರುವುದು ಒಂದೇ ಕೈ, ಅದರಲ್ಲಿ ಲೋಟವಿದ್ದರೆ ಕೋಲೆಲ್ಲಿ ಹಿಡಿದಾಳು? ಗೋಡೆಗೆ ಭುಜ ಆನಿಸಿಕೊಂಡು ಬರುತ್ತಿದ್ದಾಳೆ. ಸದ್ದು ನಡುವೆ ನಿಂತಿತು. ತಂಗಿ ಹೊದಿಕೆ ಸರಿಸಿ ಒಂದು ಕಾಲು ಕೆಳಗಿಟ್ಟಳು. ತಡೆದಳು. ಕಾಲನ್ನು ಮತ್ತೆ ಹೊದಿಕೆಯೊಳಗೆ ಎಳೆದುಕೊಂಡು ಮಲಗಿದಳು.

ಅಕ್ಕ ಬಾಗಿಲಲ್ಲಿ ಕಾಣಿಸಿಕೊಂಡಳು. ತೋಳು ಒದ್ದೆ, ಹಣೆಯಲ್ಲಿ ಬೆವರು.

"ಅರ್ಧ ದಾರೀಲಿ ಚೆಲ್ತು," ಎಂದಳು. "ಇರೋದನ್ನ ಕುಡಿ."

ಎಲೆ ನೆನೆದದ್ದು ಹೆಚ್ಚಾಗಿ ಚಹಾ ಕಹಿಯಾಗಿತ್ತು. ತಂಗಿ ಒಂದು ಹನಿ ಬಿಡದೆ ಕುಡಿದಳು. ಅಕ್ಕ ಹಾಸಿಗೆಯ ಅಂಚಿನಲ್ಲಿ ಕೂತು, ಲೋಟ ಬರಿದಾಗುವವರೆಗೂ ಅವಳನ್ನೇ ನೋಡುತ್ತಿದ್ದಳು.