ನಲವತ್ಮೂರನೆಯ ಅಂಗಡಿ

ಆಫೀಸಿನಲ್ಲಿ ಅವಳಿಗೆ ಕಾಲಂ ರಾಣಿ ಎಂದು ಹೆಸರು. ಚಪ್ಪಲಿ ಕಂಪನಿಯ ನಲವತ್ತೆರಡು ಅಂಗಡಿಗಳಿಗೆ ನಲವತ್ತೆರಡು ಕಾಲಂ, ವಾರಕ್ಕೊಂದು ಸಾಲು. ಯಾವ ಅಂಗಡಿಯಲ್ಲಿ ಎಷ್ಟು ಜೊತೆ ಹೋಯಿತೆಂದು ತುಂಬುವುದು ಅವಳ ಕೆಲಸ. ಕಂಪ್ಯೂಟರಿನಲ್ಲಿ ಆ ಪಟ್ಟಿ ಎಷ್ಟು ಅಗಲವೆಂದರೆ, ಬಲತುದಿ ಮುಟ್ಟುವಷ್ಟರಲ್ಲಿ ಎಡತುದಿಯಲ್ಲಿ ಏನಿತ್ತೆಂಬುದೇ ಮರೆತುಹೋಗುತ್ತಿತ್ತು. ಅಷ್ಟು ದೂರ ಯಾವ ಪುಣ್ಯಾತ್ಮರೂ ಬರುವುದಿಲ್ಲವೆಂಬ ಧೈರ್ಯದಿಂದ ಅವಳು ಅಲ್ಲಿ ನಲವತ್ಮೂರನೆಯದೊಂದು ಕಾಲಂ ಸೇರಿಸಿ, ಮೇಲೆ 'ಪಿನ್' ಎಂದು ಬರೆದು, ಯಾರಿಗೂ ಕಾಣದಂತೆ ಅಡಗಿಸಿಟ್ಟಿದ್ದಳು.

ಗೋಡೌನ್ ನೋಡಿಕೊಳ್ಳುವವನು ಸ್ಟೇಪ್ಲರ್ ಪಿನ್ ಕೇಳಿಕೊಂಡು ವಾರಕ್ಕೆ ಎಷ್ಟು ಸಲ ಅವಳ ಮೇಜಿಗೆ ಬಂದ ಎಂಬ ಲೆಕ್ಕ ಅದು. ಮೊದಲ ವಾರ ಒಂದೇ ಸಲ. ಹೋದ ವಾರ ಆರು. ಗೋಡೌನಿನಲ್ಲಿ ಸ್ಟೇಪ್ಲರೇ ಇಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. "ಬರೀ ಪಿನ್ನಿಗಾ ಇಷ್ಟು ಓಡಾಟ? ಬಾಯಿಬಿಟ್ಟು ಕೇಳೇ," ಎಂದು ಮನೆಯಲ್ಲಿ ಅಕ್ಕ ಪೀಡಿಸುತ್ತಿದ್ದಳು. ಅವನಿಗೆ ನಿಜವಾಗಿಯೂ ಪಿನ್ನೇ ಬೇಕಿದ್ದರೆ ಏನು ಗತಿ ಎಂಬ ಹೆದರಿಕೆಯಲ್ಲಿ ತಂಗಿಯ ಬಾಯಿ ಕಟ್ಟಿಹೋಗಿತ್ತು.

ಆ ಸೋಮವಾರ ಯಜಮಾನಮ್ಮ ಗ್ರಾಫ್ ಕೇಳಿದರು. ಮೊದಲ ವಾರಕ್ಕೆ ಹೋಲಿಸಿದರೆ ಯಾವ ಅಂಗಡಿ ಎಷ್ಟು ಪಟ್ಟು ಬೆಳೆದಿದೆ ಎಂದು ಗೋಡೆಯ ಮೇಲೆ ಕಾಣಬೇಕು. ಅಗಲದ ಪಟ್ಟಿ ಗ್ರಾಫಿಗೆ ಒಗ್ಗುವುದಿಲ್ಲ. ಅವಳು ಕಾಲಂಗಳನ್ನೆಲ್ಲ ಒಂದರ ಕೆಳಗೊಂದು ಪೇರಿಸಿ, ವಾರ, ಅಂಗಡಿ, ಸಂಖ್ಯೆ ಎಂದು ಮೂರೇ ಕಾಲಮ್ಮಿನ ಉದ್ದನೆಯ ಪಟ್ಟಿ ಮಾಡಿದಳು. ಒಂದೇ ಗುಂಡಿ ಒತ್ತಿದ್ದಕ್ಕೆ ಎಲ್ಲವೂ ಸಲೀಸಾಗಿ ಕೂತಾಗ ಖುಷಿ ತಡೆಯಲಾರದೆ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದಳು. ಆ ಸಂಭ್ರಮದಲ್ಲಿ, ಅಡಗಿಸಿಟ್ಟ ಕಾಲಂ ಕೂಡ ಉಳಿದವುಗಳ ಜೊತೆ ಎದ್ದುಬಂದು ಒಂದು ಅಂಗಡಿಯಾಗಿ ಕೂತದ್ದನ್ನು ಅವಳು ನೋಡಲೇ ಇಲ್ಲ.

ಸಭೆಯಲ್ಲಿ ಗೋಡೆಯ ಮೇಲೆ ಗ್ರಾಫ್ ಬಿತ್ತು. ನಲವತ್ತೆರಡು ಗೆರೆಗಳು ತಳದಲ್ಲಿ ತೆವಳುತ್ತಿದ್ದರೆ, ಒಂದೇ ಒಂದು ಕೆಂಪು ಗೆರೆ ಆರು ಪಟ್ಟು ಮೇಲೇರಿತ್ತು. ಯಜಮಾನಮ್ಮ ಕನ್ನಡಕ ಸರಿಮಾಡಿಕೊಂಡು, ಈ ಪಿನ್ ಅಂಗಡಿ ಎಲ್ಲಿದೆ, ಅಲ್ಲಿ ಯಾರಿದ್ದಾರೆ, ಉಳಿದವರೂ ಅವರಿಂದ ಕಲಿಯಲಿ ಎಂದರು. ಕಾಲಂ ರಾಣಿ ಆಗಷ್ಟೇ ಆ ಗೆರೆಯ ಹೆಸರು ಓದಿದಳು. ಎದುರಿಗೇ ಗೋಡೌನಿನವನು ಕೂತಿದ್ದ. ಅವನು ಗೆರೆಯನ್ನು ನೋಡಿದ, ಹೆಸರನ್ನು ನೋಡಿದ, ಬೆರಳು ಮಡಚಿ ಏನೋ ಎಣಿಸಿದ. ಆಮೇಲೆ ಅವನ ಕಿವಿಗಳು ಕೆಂಪಾದವು.

ಅದು ಅಂಗಡಿಯೇ ಅಲ್ಲ, ಏನೋ ತಪ್ಪಾಗಿದೆ, ಈಗಲೇ ತೆಗೆದುಬಿಡುತ್ತೇನೆ ಎಂದು ಅವಳು ತೊದಲುತ್ತಿರುವಾಗಲೇ ಅವನು ಎದ್ದು ನಿಂತ.

"ತೆಗೀಬೇಡಿ," ಎಂದ. "ಹೋದ ವಾರದ್ದು ಮಾತ್ರ ತಪ್ಪಿದೆ. ಆರಲ್ಲ, ಏಳು. ಒಂದ್ಸಲ ಬಂದಾಗ ನೀವು ಸೀಟಲ್ಲಿ ಇರ್ಲಿಲ್ಲ."

ಅವಳು ಎಲ್ಲರ ಎದುರಿಗೇ ಆರು ಅಳಿಸಿ ಏಳು ಒತ್ತಿದಳು. ಕೆಂಪು ಗೆರೆ ಇನ್ನೂ ಒಂದು ಚೌಕ ಮೇಲಕ್ಕೇರಿತು. ಯಜಮಾನಮ್ಮ ಇನ್ನೂ ಆ ಅಂಗಡಿಯ ವಿಳಾಸ ಕೇಳುತ್ತಲೇ ಇದ್ದರು.